ಹಿಂದಿನ ಚಕ್ರಕ್ಕೆ ಕರೆಂಟು

ಕಾರಿನ ಹಿಂದಿನ ಸೀಟನ್ನು ಕಿತ್ತು ಮನೆಯ ಮುಂದೆ ಇಟ್ಟ ದಿನ ನನ್ನ ಹೆಂಡತಿ ಅದರ ಮೇಲೆ ಕಾಲು ಚಾಚಿ ಕೂತು ಕಾಫಿ ಕುಡಿದಳು. “ಇದು ಇಲ್ಲೇ ಇರ್ಲಿ ಬುಡಿ. ನಿಮ್ಮ ಕಾರು ಓಡ್ದೇ ಹೋದ್ರೂ ನಂಗೊಂದು ಸೋಫಾನಾದ್ರೂ ಸಿಕ್ಕಂಗಾಯ್ತು” ಎಂದಳು. ನಾನು ನಕ್ಕೆ. ಆ ಮಳೆಗಾಲದಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕಿದ್ದು ಕಡಿಮೆ, ಅದಕ್ಕೇ ಅದು ನೆನಪಿದೆ.

ಅವಳು ಸರ್ಕಾರಿ ಪ್ರಾಥಮಿಕ ಶಾಲೆಯ ಮೇಡಂ. ರಾಮಕೃಷ್ಣನಗರದ ನಮ್ಮ ಮನೆಯಿಂದ ಹೊರಟು ಬೋಗಾದಿ ದಾಟಿ ಹೋದರೆ ಸಿಗುವ ಹಳ್ಳಿಯಲ್ಲಿ ಅವಳ ಶಾಲೆ. ಬಸ್ಸು ಮುಖ್ಯರಸ್ತೆಯಲ್ಲೇ ಇಳಿಸಿ ಹೋಗುತ್ತದೆ. ಅಲ್ಲಿಂದ ಒಳಕ್ಕೆ, ಕೆರೆ ಏರಿ ಹತ್ತಿ ಇಳಿದು ಬಹಳ ದೂರ ನಡೆಯಬೇಕು. ಹಾಗಾಗಿ ಅವಳು ವರ್ಷಾನುಗಟ್ಟಲೆ ತನ್ನ ಹಳೆಯ ಪುಟ್ಟ ಪೆಟ್ರೋಲ್ ಕಾರನ್ನು ತಾನೇ ಓಡಿಸಿಕೊಂಡು ಹೋಗಿ ಬರುತ್ತಿದ್ದಳು. ಬೆನ್ನಿನ ಆಪರೇಷನ್ ಆದ ಮೇಲೆ ಎಡಗಾಲಿನ ಪಾದಕ್ಕೆ ಸತುವು ಹೋಯಿತು. ನಿಧಾನಕ್ಕೆ ನಡೆಯುತ್ತಾಳೆ, ಬೋರ್ಡಿನ ಮುಂದೆ ನಿಂತು ಪಾಠ ಮಾಡುತ್ತಾಳೆ, ಆದರೆ ಕ್ಲಚ್ಚು ಒತ್ತಲಾರಳು. ಕಾಲು ಅದರ ಮೇಲೆ ಹೋಗಿ ಕೂರುತ್ತದೆ, ಒತ್ತು ಎಂದರೆ ಕೇಳುವುದಿಲ್ಲ.

ಆಪರೇಷನ್ ಆಗಿ ಶಾಲೆಗೆ ಮರಳಿದಾಗ ಒಂದು ಆಟೋ ಗೊತ್ತುಮಾಡಿದ್ದೆವು. ಆತ ವಾರ ತುಂಬುವುದರೊಳಗೆ ಕೈಕೊಟ್ಟ, ಅವಳು ಮತ್ತೆ ರಜೆ ಹಾಕಬೇಕಾಯಿತು. ನಾನೇ ಬಿಟ್ಟುಬರುತ್ತೇನೆ ಎಂದರೆ ನನ್ನ ಮೋಟಾರ್ ವೈಂಡಿಂಗ್ ಅಂಗಡಿ ಇರುವುದು ನಜರ್‌ಬಾದಿನಲ್ಲಿ, ಊರಿನ ಆ ತುದಿಗೆ. ಸುಟ್ಟ ಪಂಪ್‌ಸೆಟ್ಟುಗಳು ಬಂದು ಬೀಳುವುದೂ ಬೆಳಗಿನ ಹೊತ್ತಿಗೇ. ಅದಕ್ಕಿಂತ ಹೆಚ್ಚಾಗಿ ಅವಳೇ ಒಪ್ಪಲಿಲ್ಲ. “ಸ್ಕೂಲು ಬಿಟ್ಟಮೇಲೆ ಗೇಟ್ ಹತ್ರ ನಿಂತ್ಕೊಂಡು ನಿಮ್ಮ ದಾರಿ ಕಾಯಕ್ಕೆ ನಾನೇನು ಒಂದನೇ ಕ್ಲಾಸ್ ಮಗುವೇನ್ರೀ?” ಎಂದಳು. ದಸರಾ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ಅವಳ ರಜೆಯೂ ಮುಗಿಯುತ್ತಿತ್ತು. ಅಷ್ಟರಲ್ಲಿ ತನ್ನ ಪಾಡಿಗೆ ತಾನು ಹೋಗಿಬರುವ ದಾರಿಯಾಗದಿದ್ದರೆ ಸ್ವಯಂ ನಿವೃತ್ತಿಗೆ ಬರೆದುಕೊಡುವುದೆಂದು ತೀರ್ಮಾನಿಸಿಬಿಟ್ಟಿದ್ದಳು. ಅವಳಿಗೆ ಶಾಲೆ ಬಿಟ್ಟರೆ ಬೇರೆ ಪ್ರಪಂಚವಿರಲಿಲ್ಲ. ಹಾಗೆಂದು ಅವಳು ಹೇಳುತ್ತಿರಲಿಲ್ಲ, ನನಗೆ ಗೊತ್ತಿತ್ತು.

ಗೇರಿಲ್ಲದ ಕಾರು ತೆಗೆದುಕೊಳ್ಳಿ ಎಂದು ಎಲ್ಲರೂ ಉಪದೇಶ ಮಾಡಿದರು. ಆಪರೇಷನ್ ಆದ ವರ್ಷ ನಮ್ಮ ಮನೆಯಲ್ಲಿ ಕಾರು ಕೊಳ್ಳುವ ಮಾತು ಆಡುವಂತಿರಲಿಲ್ಲ. ಜೊತೆಗೆ ನನ್ನ ಕೊಬ್ಬು ಬೇರೆ. ಹುಟ್ಟಿದಾಗಿನಿಂದ ತಾಮ್ರದ ತಂತಿ ಸುತ್ತಿದವನು ನಾನು. ಮುಂದಿನ ಚಕ್ರವನ್ನು ಪೆಟ್ರೋಲ್ ಎಂಜಿನ್ ಎಳೆಯುತ್ತಿದೆ, ಹಿಂದಿನ ಚಕ್ರ ಸುಮ್ಮನೆ ಉರುಳುತ್ತಿದೆ. ಆ ಹಿಂದಿನ ಚಕ್ರಕ್ಕೆ ಒಂದು ಮೋಟಾರು ಕೊಟ್ಟರೆ? ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಕರೆಂಟಿನಲ್ಲಿ ಅವಳು ಓಡಿಸಲಿ, ಕ್ಲಚ್ಚಿನ ಗೊಡವೆಯೇ ಇಲ್ಲ. ಬ್ಯಾಟರಿ ಕೈಕೊಟ್ಟರೆ ನಾನು ಹೋಗಿ ಪೆಟ್ರೋಲಿನಲ್ಲಿ ತರುತ್ತೇನೆ. ಕಾಗದದ ಮೇಲೆ ಗೀಚಿದಾಗ ಎಷ್ಟು ಸಲೀಸಾಗಿ ಕಂಡಿತೆಂದರೆ, ಇಷ್ಟು ದಿನ ಯಾರೂ ಯಾಕೆ ಮಾಡಿಲ್ಲ ಎಂದು ನನಗೆ ಆಶ್ಚರ್ಯವಾಯಿತು.

ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿದೆ. ಅಲ್ಲಿಯವರು ಮರ್ಯಾದೆಯಾಗೇ ಹೇಳಿದರು: ಸರ್ಕಾರ ಒಪ್ಪಿದ ಕಿಟ್ ಆದರೆ ಆರ್‌ಸಿಯಲ್ಲಿ ಬರೆಯಬಹುದು, ಮನೆಯಲ್ಲಿ ಮಾಡಿಕೊಂಡದ್ದನ್ನು ಬರೆಯಲು ಬರುವುದಿಲ್ಲ. ನಾನು ತಲೆಯಾಡಿಸಿ ಬಂದೆ. ಮೊದಲು ಓಡಲಿ, ಆಮೇಲೆ ಎಲ್ಲಾದರೂ ಪರೀಕ್ಷೆ ಮಾಡಿಸಿ ಯಾರ ಕೈಕಾಲಾದರೂ ಹಿಡಿಯೋಣ ಎಂದುಕೊಂಡೆ. ಅವಳಿಗೆ ಇದನ್ನು ಹೇಳಲು ಬಾಯಿ ಬರಲಿಲ್ಲ.

ಗುಜರಿಯಲ್ಲಿ, ಸಾಮಾನು ಸಾಗಿಸುವ ಎಲೆಕ್ಟ್ರಿಕ್ ಆಟೋವೊಂದರ ಹಿಂಬದಿಯ ಆಕ್ಸಲ್ ಸಿಕ್ಕಿತು. ಮೋಟಾರು, ಡಿಫರೆನ್ಷಿಯಲ್, ಬ್ರೇಕ್ ಡ್ರಮ್ಮು ಎಲ್ಲ ಅದರಲ್ಲೇ ಇದ್ದವು. ಅಗಲವೂ ನಮ್ಮ ಕಾರಿನದಕ್ಕೆ ಹೆಚ್ಚುಕಮ್ಮಿ ಸರಿ. ಅದೇ ಆಟೋದ ಬ್ಯಾಟರಿ ಮತ್ತು ಮೋಟಾರಿಗೆ ಕರೆಂಟು ಹಂಚುವ ಕಂಟ್ರೋಲರ್ ಪೆಟ್ಟಿಗೆಯೂ ಸಿಕ್ಕವು. ಮೋಟಾರು ಮಾತ್ರ ಸುಟ್ಟಿತ್ತು. ಅದನ್ನು ನೋಡಿ ನನಗೆ ಖುಷಿಯೇ ಆಯಿತು. ಸುಟ್ಟ ಮೋಟಾರು ಎಂದರೆ ನನ್ನ ಇಲಾಖೆ.

ಕಾರಿನ ಕೆಲಸಕ್ಕೆ ಅಂಗಡಿಯ ಪಕ್ಕದ ಬೀದಿಯ ಮೆಕ್ಯಾನಿಕ್ಕನ್ನು ಹಿಡಿದೆ. ನನಗಿಂತ ಸ್ವಲ್ಪ ಚಿಕ್ಕವನು, ಬಾಯಿ ದೊಡ್ಡದು. ಆಕ್ಸಲನ್ನು ಒದ್ದು ನೋಡಿ, “ಅಲ್ಲ ಕಣಣ್ಣೋ, ಕುರಿಗೆ ಎತ್ತಿನ ಕಾಲು ಜೋಡ್ಸು ಅಂತೀಯಲ್ಲ. ಮುಂದ್ಗಡೆ ಒಂದ್ ಕಡೆ ಎಳೀತದೆ, ಹಿಂದ್ಗಡೆ ಇನ್ನೊಂದ್ ಕಡೆ ನೂಕ್ತದೆ. ಮಧ್ಯ ಕೂತಿರೋ ಅಕ್ಕನ ಗತಿ?” ಎಂದ. ಬೈದುಕೊಂಡೇ ಒಪ್ಪಿಕೊಂಡ. ಕಾರಿನಡಿ ಕಬ್ಬಿಣದ ತುಂಡುಗಳನ್ನು ವೆಲ್ಡ್ ಮಾಡಿ ಆಕ್ಸಲ್ ಕೂರಿಸಿದ. ಚಕ್ರದ ಬೋಲ್ಟುಗಳ ತೂತು ಹೊಂದದೆ, ಲೇತಿನಲ್ಲಿ ದಪ್ಪ ತಟ್ಟೆಗಳನ್ನು ಕೊರೆಸಿ ನಡುವೆ ಇಟ್ಟ. ಸೀಟು ಕಿತ್ತ ಜಾಗಕ್ಕೆ ಬ್ಯಾಟರಿ ಹೋಯಿತು.

ನಾನು ಮೋಟಾರು ಬಿಚ್ಚಿದೆ. ಪಂಪ್‌ಸೆಟ್ಟಿನ ಮೋಟಾರು ನನಗೆ ಅಂಗೈ ಇದ್ದ ಹಾಗೆ. ಇದು ಬೇರೆ ಜಾತಿ. ಒಳಗೆ ತಿರುಗುವ ರೋಟರ್ ತುಂಬ ಆಯಸ್ಕಾಂತ. ಹೊರಕ್ಕೆ ತೆಗೆಯುವಾಗ ಅದು ಪಕ್ಕಕ್ಕೆ ಎಳೆದು ನನ್ನ ಬೆರಳನ್ನು ಜಜ್ಜಿಹಾಕಿತು. ಸುಟ್ಟ ತಂತಿಯನ್ನು ತೆಗೆದು, ಸುತ್ತಲಿನ ಕಬ್ಬಿಣದ ಹಲ್ಲುಗಳ ಸಂದಿಯಲ್ಲಿ ಪ್ಲಾಸ್ಟಿಕ್ಕಿನ ಹಾಗಿರುವ ಕಾಗದ ಹಾಸಿ, ಸಣ್ಣ ತಂತಿಗಳನ್ನು ಹೊರೆಮಾಡಿ ಒಂದೊಂದೇ ಹಲ್ಲಿಗೆ ಸುತ್ತಿದೆ. ಜೋಡಿಸಿ ಕರೆಂಟು ಕೊಟ್ಟರೆ ತಿರುಗಲಿಲ್ಲ, ಚಳಿಜ್ವರ ಬಂದವರಂತೆ ನಡುಗಿತು. ರೋಟರ್ ಎಲ್ಲಿದೆಯೆಂದು ಕಂಟ್ರೋಲರಿಗೆ ತಿಳಿಸುವ ಪುಟ್ಟ ಸೆನ್ಸರುಗಳು ಒಳಗೆ ಇವೆ. ಅವುಗಳ ವರಸೆಗೂ ನನ್ನ ತಂತಿಗಳ ವರಸೆಗೂ ತಾಳಮೇಳ ಇರಲಿಲ್ಲ. ಅದಲುಬದಲು ಮಾಡಿ ಮಾಡಿ, ಸಾಕಪ್ಪಾ ಎನ್ನಿಸಿದ ಮೇಲೆ ಒಂದು ಸಲ ತಣ್ಣಗೆ ತಿರುಗಿತು. ಮೆಕ್ಯಾನಿಕ್ ಓಡಿಬಂದು ನನ್ನ ಬೆನ್ನಿಗೆ ಗುದ್ದಿದ.

ಬೋಗಾದಿಯಾಚೆ ಹೊಸ ಬಡಾವಣೆಯೊಂದರಲ್ಲಿ ಡಾಂಬರು ಹಾಕಿದ ರಸ್ತೆ ಮಾತ್ರ ಇತ್ತು, ಮನೆಗಳಿರಲಿಲ್ಲ. ಮೊದಲ ಸಲ ಅಲ್ಲಿಗೆ ಪೆಟ್ರೋಲಿನಲ್ಲಿ ಹೋಗಿ, ಎಂಜಿನ್ ನಿಲ್ಲಿಸಿ, ಕರೆಂಟಿನಲ್ಲಿ ಹೊರಟೆ. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲು ಕಲ್ಲು! ಕಾರು ನಿಲ್ಲದೆ ಯಾರದೋ ಜಲ್ಲಿರಾಶಿಗೆ ಮೂತಿ ಇಟ್ಟಿತು. ಪಕ್ಕದಲ್ಲಿ ಕೂತಿದ್ದ ಮೆಕ್ಯಾನಿಕ್ ಹಣೆ ಚಚ್ಚಿಕೊಂಡ. “ಎಂಜಿನ್ ನಿಂತ್ಮೇಲೆ ಬೂಸ್ಟರ್ಗೆ ಗಾಳಿ ಎಳ್ಕೊಡೋರು ಯಾರು? ನಿಮ್ಮಪ್ಪ ಎಳ್ಕೊಡ್ತಾನಾ? ನನ್ ತಲೆಗಿಷ್ಟು, ಮೊದ್ಲೇ ಹೊಳೀಬಾರ್ದಾಗಿತ್ತಾ!” ಎಂಜಿನ್ ಓಡುತ್ತಿದ್ದಾಗ ಹೀರುವ ಗಾಳಿಯೇ ಬ್ರೇಕನ್ನು ಹಗುರ ಮಾಡುವುದು. ಅದನ್ನು ನಾವಿಬ್ಬರೂ ಮರೆತಿದ್ದೆವು. ಆ ಕೆಲಸಕ್ಕೆಂದೇ ಕರೆಂಟಿನಲ್ಲಿ ಓಡುವ ಒಂದು ಪಂಪು ಹುಡುಕಿ ತಂದು ಕೂರಿಸಿದೆವು. ಅವಳ ಬದಲು ನಾನು ಕೂತಿದ್ದೆನಲ್ಲ ಎಂದು ನೆಮ್ಮದಿ ಪಟ್ಟುಕೊಂಡೆ. ಆದರೂ ಆ ಜಲ್ಲಿರಾಶಿ ನನ್ನ ಕಣ್ಣಿನಿಂದ ಹೋಗಲಿಲ್ಲ.

ಆಮೇಲೆ ಅವಳನ್ನು ಕರೆದುಕೊಂಡು ಹೋದೆ. ಸ್ಟೀರಿಂಗಿನ ಹಿಂದೆ ಕೂತವಳು ಮೊದಲು ಕನ್ನಡಿ ಸರಿಮಾಡಿಕೊಂಡಳು, ಸೆರಗು ಸಿಕ್ಕಿಸಿಕೊಂಡಳು. ಕಾರು ಸದ್ದಿಲ್ಲದೆ ಹೊರಟಿತು. ಖಾಲಿ ಸೈಟುಗಳ ನಡುವೆ ಒಂದು ಸುತ್ತು, ಇನ್ನೊಂದು ಸುತ್ತು. ನಾನು ಸಾಕು ಎಂದರೂ ಕೇಳಲಿಲ್ಲ. “ರೀ, ಇನ್ನೊಂದೇ ರೌಂಡು ಕಣ್ರೀ” ಎಂದಳು. ಅವಳ ಎಡಗಾಲು ಮಾತ್ರ ಕ್ಲಚ್ಚಿನ ಪಕ್ಕದಲ್ಲಿ ಅಭ್ಯಾಸಬಲದಿಂದ ಅಲ್ಲಾಡುತ್ತಿತ್ತು. ಆ ಸಂಜೆ ಮನೆಗೆ ಬಂದು ಹಳೆಯ ಪಾಠದ ಚಾರ್ಟುಗಳನ್ನು ಅಟ್ಟದಿಂದ ಇಳಿಸಿಕೊಡಿ ಎಂದು ದುಂಬಾಲು ಬಿದ್ದಳು. ಇಳಿಸಿಕೊಟ್ಟೆ.

ಶಾಲೆಯ ದಾರಿಯಲ್ಲಿ ಓಡಿಸಿ ನೋಡಿದಾಗ ಕೆರೆ ಏರಿ ಹತ್ತುವಲ್ಲಿ ಮೋಟಾರು ಬಿಸಿಯೇರಿತು. ಅರ್ಧ ಹತ್ತುವುದರಲ್ಲಿ ವಾರ್ನಿಷ್ ಸುಡುವ ಕಮಟು. ಸುಟ್ಟ ಮೋಟಾರಿನ ವಾಸನೆ ನನ್ನ ಮೂಗಿಗೆ ತಪ್ಪುವುದಿಲ್ಲ, ತಕ್ಷಣ ನಿಲ್ಲಿಸಿದೆ. ಬ್ಯಾಟರಿಯ ಭಾರ, ಹಳೆಯ ಎಂಜಿನ್ನಿನ ಭಾರ, ಎರಡನ್ನೂ ಹೊತ್ತು ಏರು ಹತ್ತಲು ನನ್ನ ತಂತಿ ಸಾಲದು. ಅಲ್ಲಿ ಪೆಟ್ರೋಲಿಗೆ ಬದಲಾಯಿಸೋಣವೆಂದರೆ ಮತ್ತೆ ಕ್ಲಚ್ಚು. ಮೋಟಾರು ಬಿಚ್ಚಿ, ಹಲ್ಲಿನ ಸಂದಿಯಲ್ಲಿ ಹಿಡಿಯುವಷ್ಟೂ ತಾಮ್ರ ತುಂಬಿ ಮತ್ತೆ ಸುತ್ತಬೇಕಾಯಿತು. ಅಷ್ಟರಲ್ಲಿ ನವರಾತ್ರಿ ಶುರುವಾಗಿತ್ತು.

ಎರಡನೆಯ ಸಲದ ಸುತ್ತುವಿಕೆ ನನ್ನ ಜೀವಮಾನದಲ್ಲೇ ಅಚ್ಚುಕಟ್ಟಾದದ್ದು. ಮಗುವಿಗೆ ಜಡೆ ಹಾಕಿದ ಹಾಗೆ ಇತ್ತು. ಸುತ್ತಿದ ಮೇಲೆ ವಾರ್ನಿಷಿನಲ್ಲಿ ಅದ್ದಿ, ಒಳಗೆ ಬಲ್ಬು ಉರಿಯುವ ತಗಡಿನ ಪೆಟ್ಟಿಗೆಯಲ್ಲಿಟ್ಟು ಒಣಗಿಸಬೇಕು. ಬಿಸಿಲಿದ್ದರೆ ಬಿಸಿಲಿಗೂ ಇಡುತ್ತೇವೆ. ಆ ವಾರ ಬಿಸಿಲೆಲ್ಲಿ! ದಸರೆಯ ದೀಪ ನೋಡಲು ಬಂದವರೆಲ್ಲ ಛತ್ರಿ ಹಿಡಿದು ಓಡಾಡುತ್ತಿದ್ದರು. ತಂತಿ ಒತ್ತೊತ್ತಾಗಿ ತುಂಬಿದ್ದರಿಂದ ವಾರ್ನಿಷ್ ಮೇಲೆ ಗಟ್ಟಿಯಾಗಿತ್ತು, ಒಳಗೆ ಹೇಗಿದೆಯೋ ಗೊತ್ತಿರಲಿಲ್ಲ. ಇನ್ನೂ ಪೆಟ್ಟಿಗೆಯಲ್ಲಿರಬೇಕಿತ್ತು.

ಆದರೆ ಆಯುಧಪೂಜೆ ಬಂತು. ನಮ್ಮ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟಳೆ ಇದೆ. ಪೂಜೆಯ ಹೊತ್ತಿಗೆ ಹೊಟ್ಟೆ ಬಿಚ್ಚಿಕೊಂಡ ಮೋಟಾರು ಯಾವುದೂ ಅಂಗಡಿಯಲ್ಲಿ ಇರಕೂಡದು. ಮುಗಿದದ್ದೋ ಮುಗಿಯದ್ದೋ, ಎಲ್ಲವನ್ನೂ ಮುಚ್ಚಿ ಬೋಲ್ಟು ಬಿಗಿದು, ಒರೆಸಿ ಸಾಲಾಗಿ ಇಡಬೇಕು. ಸ್ಪ್ಯಾನರು, ಇಕ್ಕಳ, ಸುತ್ತಿಗೆಗಳಿಗೆ ವಿಭೂತಿ ಕುಂಕುಮ ಹಚ್ಚಿ ದೇವರ ಪಟದ ಮುಂದೆ ಜೋಡಿಸಿದರೆ ವಿಜಯದಶಮಿಯ ಬೆಳಿಗ್ಗೆ ಮತ್ತೆ ಪೂಜೆ ಮಾಡಿ ತೆಗೆಯುವವರೆಗೆ ಮುಟ್ಟುವಂತಿಲ್ಲ. ಬೇರೆ ಮೋಟಾರುಗಳನ್ನು ಹಾಗೆ ಸುಮ್ಮನೆ ಮುಚ್ಚಿ, ಹಬ್ಬ ಕಳೆದು ಮತ್ತೆ ಬಿಚ್ಚಿ ಒಣಗಿಸುತ್ತೇವೆ, ಅದರಲ್ಲಿ ನಷ್ಟವೇನಿಲ್ಲ. ಇದನ್ನು ಮುಚ್ಚಿದ ಮೇಲೆ ಕಾರಿಗೇ ಕೂರಿಸಿಬಿಟ್ಟೆ. ಹೇಗೂ ಮುಚ್ಚಿದ್ದಾಯಿತು, ಕಾರಿಗೂ ಪೂಜೆ ಆಗಲಿ, ನಿಂಬೆಹಣ್ಣಿನ ಮೇಲೆ ಒಂದು ಉರುಳು ಉರುಳಲಿ ಎಂದುಕೊಂಡೆ. ಕರೆಂಟು ಸೋರುತ್ತದೆಯೇ ಎಂದು ತೋರಿಸುವ ಮೆಗ್ಗರ್ ಹಚ್ಚಿ ಅದರ ಹಿಡಿ ತಿರುಗಿಸಿ ನೋಡಿದೆ, ಮುಳ್ಳು ಮೇಲೇ ನಿಂತಿತ್ತು, ತಂತಿಗೂ ಮೋಟಾರಿನ ಮೈಗೂ ಸಂಪರ್ಕವಿರಲಿಲ್ಲ. ತಣ್ಣಗಿರುವ ಮೋಟಾರಿನ ಮುಳ್ಳನ್ನು ನಂಬಬಾರದೆಂದು ಎಷ್ಟು ಜನರಿಗೆ ನಾನೇ ಹೇಳಿಕೊಟ್ಟಿದ್ದೇನೆ!

ಪೂಜೆಯ ದಿನ ಮಳೆ ಹೊಳವಾಯಿತು. ಅವಳು ರೇಷ್ಮೆ ಸೀರೆ ಉಟ್ಟು ಬಂದಳು. ಮೆಕ್ಯಾನಿಕ್ ಕಾರನ್ನು ತೊಳೆದು ಎರಡೂ ಕಡೆ ಬಾಳೆಕಂದು ಕಟ್ಟಿದ್ದ, ಬಾನೆಟ್ಟಿಗೆ ಸೇವಂತಿಗೆ ಹಾರ. ಬೀದಿಯ ಎಲ್ಲ ಅಂಗಡಿಗಳಲ್ಲೂ ಪೂಜೆ. ಎಲ್ಲೆಲ್ಲೂ ಸಾಂಬ್ರಾಣಿ ಹೊಗೆ, ಒಡೆದ ಬೂದುಗುಂಬಳಕಾಯಿ. ಯಾರು ಓಡಿಸುವುದೆಂಬ ಮಾತೇ ಬರಲಿಲ್ಲ, ಅವಳೇ ಹೋಗಿ ಕೂತಳು. ಚಕ್ರಗಳು ನಿಂಬೆಹಣ್ಣನ್ನು ಚಪ್ಪಟೆ ಮಾಡಿಕೊಂಡು ಮುಂದಕ್ಕೆ ಹೋದವು. ಅಕ್ಕಪಕ್ಕದ ಅಂಗಡಿಯವರು ಚಪ್ಪಾಳೆ ತಟ್ಟಿದರು. ಬೀದಿಯ ಕೊನೆಯವರೆಗೆ ಹೋಗಿ ತಿರುಗಿಸಿಕೊಂಡು ಬರುತ್ತೇನೆಂದು ಕೈ ಮಾಡಿದಳು. ಜನದ ನಡುವೆ ನಿಲ್ಲುತ್ತ, ಹೊರಡುತ್ತ ಹೋದಳು. ಹಾಗೆ ಪ್ರತಿ ಸಲ ನಿಂತು ಹೊರಡುವಾಗಲೇ ಮೋಟಾರು ಹೆಚ್ಚು ಕರೆಂಟು ಎಳೆಯುವುದು.

ವಾಪಸ್ಸು ಬರುವಾಗ ಕಾರಿನಡಿಯಿಂದ ಹೊಗೆ ಏಳುತ್ತಿತ್ತು. ನಾನದನ್ನು ಕಣ್ಣಾರೆ ನೋಡಿದೆ. ಸಾಂಬ್ರಾಣಿ ಎಂದುಕೊಂಡೆ. ನನ್ನ ಮೂಗೂ ಅದನ್ನೇ ಹೇಳಿತು. ನನ್ನ ಅಂಗಡಿಯ ಮುಂದೆಯೇ, ಪಟ್ ಎಂದು ಪಟಾಕಿಯಂಥ ಸದ್ದು. ಕಾರು ಒಮ್ಮೆ ಮುಗ್ಗರಿಸಿ, ಗಕ್ಕನೆ ನಿಂತಿತು. ಅವಳು ಇಳಿಯಲು ಹೋದಳು. ಗಾಬರಿಯಲ್ಲಿ ಎಡಗಾಲು ಪೆಡಲುಗಳ ಮಧ್ಯೆ ಸಿಕ್ಕಿಕೊಂಡಿತ್ತು. “ಕಾಲು, ಕಾಲು ಕಣ್ರೀ” ಎಂದು ಕೂಗುತ್ತಿದ್ದಳು. ನಾನು ಬ್ಯಾಟರಿಯ ಸ್ವಿಚ್ ಕಿತ್ತು, ಬಗ್ಗಿ ಅವಳ ಪಾದವನ್ನು ಕೈಯಲ್ಲಿ ಹಿಡಿದು ಬಿಡಿಸಿದೆ. ಅದು ತಣ್ಣಗಿತ್ತು.

ಮೆಕ್ಯಾನಿಕ್ ಅಭ್ಯಾಸಬಲದಿಂದ ಸ್ಪ್ಯಾನರಿಗೆ ಕೈ ಚಾಚಿ, ಅದರ ಮೇಲಿನ ಕುಂಕುಮ ನೋಡಿ ಕೈ ಹಿಂದಕ್ಕೆ ಎಳೆದುಕೊಂಡ. “ತೆಗ್ದುಬುಡ್ಲಾ ಅಣ್ಣ? ದೇವ್ರು ಏನೂ ಅಂದ್ಕೊಳಲ್ಲ” ಎಂದ. ಬಿಚ್ಚಬೇಕೆಂದು ನನ್ನ ಕೈ ತುರಿಸುತ್ತಿತ್ತು. ಅವಳು ಅಂಗಡಿಯ ಸ್ಟೂಲಿನ ಮೇಲೆ ಕೂತು ತಲೆಯಾಡಿಸಿದಳು. “ಇವತ್ತು ಬ್ಯಾಡಿ. ಬಿಚ್ಚಿ ನೋಡಿದ್ರೆ ಏನ್ ಬದಲಾಯ್ತದೆ?” ಎಂದಳು. ಹೂವಿನ ಹಾರದ ಸಮೇತ ಕಾರನ್ನು ತಳ್ಳಿ ಪಕ್ಕಕ್ಕೆ ಹಾಕಿ ಆಟೋದಲ್ಲಿ ಮನೆಗೆ ಹೋದೆವು. ದಾರಿಯುದ್ದಕ್ಕೂ ಅಲಂಕಾರ ಮಾಡಿಕೊಂಡ ಗಾಡಿಗಳು ಹಾರನ್ ಹೊಡೆಯುತ್ತ ಓಡಾಡುತ್ತಿದ್ದವು.

ಮಾರನೆಯ ಬೆಳಿಗ್ಗೆ ಊರಿಗೆ ಊರೇ ಜಂಬೂಸವಾರಿಗೆ ಜಾಗ ಹಿಡಿಯಲು ಅರಮನೆಯ ಕಡೆ ನಡೆದಿತ್ತು. ನಾನು ಕಾಯಿ ಒಡೆದು, ಸ್ಪ್ಯಾನರಿನ ಕುಂಕುಮ ಒರೆಸಿ, ಮೋಟಾರು ಬಿಚ್ಚಿದೆ. ಒಳಗಿನ ವಾರ್ನಿಷ್ ಬೆಲ್ಲದ ಪಾಕದಂತೆ ಕೈಗೆ ಅಂಟಿತು. ಒಣಗದ ವಾರ್ನಿಷ್ ತಂತಿಗಳನ್ನು ಹಿಡಿದಿರಲಿಲ್ಲ. ಅವು ಅದುರಿ, ಒಂದಕ್ಕೊಂದು ಉಜ್ಜಿ, ಮೈಗೆ ತಗುಲಿ ಸುಟ್ಟಿದ್ದವು. ರೋಟರಿನ ಆಯಸ್ಕಾಂತವೊಂದು ಕಿತ್ತುಬಂದು ಒಳಗೆಲ್ಲ ಕೆರೆದಿತ್ತು. ಕಂಟ್ರೋಲರ್ ಪೆಟ್ಟಿಗೆ ಕಪ್ಪಾಗಿತ್ತು. ಅಂಥದ್ದೇ ಇನ್ನೊಂದಕ್ಕೆ ಗುಜರಿಯವನಿಗೆ ಫೋನ್ ಮಾಡಿದರೆ ಇಲ್ಲ, ಬಂದಾಗ ಹೇಳುತ್ತೇನೆ ಎಂದ. ಮಧ್ಯಾಹ್ನ ಕಳೆದ ಮೇಲೆ ದೂರದಲ್ಲಿ ಜನ ಕೂಗುವುದು ಕೇಳಿಸಿತು, ಅಂಬಾರಿ ಹೊರಟಿತೆಂದು ಕಾಣುತ್ತದೆ. ಮೋಟಾರಿನ ಚಿಪ್ಪನ್ನು ಮಡಿಲಲ್ಲಿಟ್ಟುಕೊಂಡು ಕೂತು ಅತ್ತೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಆ ಸಂಜೆ ಅವಳಿಗೆ ಹೇಳಿದೆ, “ಇನ್ನೊಂದು ಸಲ ಸುತ್ತುತೀನಿ. ಈ ಸಲ ಪೂರ್ತಿ ಒಣಗಿಸ್ತೀನಿ. ಕಂಟ್ರೋಲರ್ ಬೆಂಗ್ಳೂರಿಂದ ತರಿಸ್ತೀನಿ. ಸ್ವಲ್ಪ ದಿನ ರಜ ಮುಂದಕ್ಕೆ ಹಾಕು.”

ಅವಳು ಮನೆಯ ಮುಂದಿನ ಆ ಹಿಂದಿನ ಸೀಟಿನ ಮೇಲೇ ಕೂತಿದ್ದಳು. “ನೀವು ಸುತ್ತುತೀರಿ. ಅದು ಓಡೂ ಓಡ್ತದೆ” ಎಂದಳು. “ಆದ್ರೆ ಬೆಳಿಗ್ಗೆ ನಾನು ಏರಿ ಹತ್ತೋವಾಗ ಮಕ್ಕಳು ಕಾರಿನ ಹಿಂದ್ಹಿಂದೇನೇ ಓಡಿ ಬರ್ತವೆ. ಯಾವಾಗ್ಲೂ ಹಂಗೇ. ನಿನ್ನೆ ನಿಂತ ಹಾಗೆ ಅಲ್ಲಿ ನಿಂತು, ಕಾರು ಹಿಂದಕ್ಕೆ ಉರುಳಿದ್ರೆ? ನನ್ನ ಕಾಲು ಸಿಕ್ಕಾಕ್ಕೊಂಡಿದ್ರೆ?”

ನಾನು ಬಾಯಿ ತೆಗೆಯುವಷ್ಟರಲ್ಲಿ ಅವಳೇ ಮುಂದುವರಿಸಿದಳು.

“ನಿಮ್ಮೇಲೆ ನಂಬಿಕೆ ಇಲ್ಲ ಅಂತಲ್ಲ ಕಣ್ರೀ. ಕಾರಿನ ಮೇಲೆ ಇಲ್ಲ.”

ಆ ಕಾರಿನಲ್ಲಿ ನನ್ನ ಕೈಕೆಲಸವಲ್ಲದೆ ಬೇರೆ ಏನಿತ್ತು? ಬ್ರೇಕಿಗೆ ಪಂಪು ಇಟ್ಟಿದ್ದೇನೆ, ಹ್ಯಾಂಡ್‌ಬ್ರೇಕಿದೆ ಎಂದು ವಾದಿಸಬಹುದಿತ್ತು. ಜಲ್ಲಿರಾಶಿ ಕಣ್ಣಮುಂದೆ ಬಂತು. ಆ ಜಾಗದಲ್ಲಿ ಮಕ್ಕಳು. ಮೋಟಾರು ತೆಗೆಸಿಬಿಡುತ್ತೇನೆ ಎಂದೆ. ಅವಳು “ಹೂಂ” ಎಂದಳು, ಅಷ್ಟೇ.

ಮೆಕ್ಯಾನಿಕ್ ಆ ದಿನ ಒಂದೂ ತಮಾಷೆ ಮಾಡಲಿಲ್ಲ. ವೆಲ್ಡಿಂಗ್ ಕತ್ತರಿಸಿ, ಹಳೆಯ ಆಕ್ಸಲನ್ನು ಅದರ ಜಾಗಕ್ಕೆ ಸೇರಿಸಿದ. ಬ್ಯಾಟರಿ ಇಳಿಯಿತು. ಮನೆಯ ಮುಂದಿನ ಸೀಟನ್ನು ಎತ್ತಿಕೊಂಡು ಹೋಗಿ ಕೂರಿಸಿದೆವು. ಸೀಟಿನ ಸಂದಿಯಲ್ಲಿ ಒಂದು ಸೀಮೆಸುಣ್ಣದ ತುಂಡಿತ್ತು, ತೆಗೆಯದೆ ಅಲ್ಲೇ ಬಿಟ್ಟೆ. ಕಾರು ಮತ್ತೆ ಬರೀ ಪೆಟ್ರೋಲ್ ಕಾರಾಯಿತು. ಮೊದಲ ಚಾವಿಗೇ ಸ್ಟಾರ್ಟ್ ಆಯಿತು, ಏನೂ ಆಗಿಲ್ಲವೆಂಬ ಹಾಗೆ.

ಸ್ವಯಂ ನಿವೃತ್ತಿಯ ಅರ್ಜಿ ಕೊಟ್ಟು, ಅದು ಮಂಜೂರಾದ ಮೇಲೆ ಶಾಲೆಯ ಬೀರುವಿನ ಬೀಗದ ಕೈ, ಸಾಮಾನುಗಳನ್ನೆಲ್ಲ ಒಪ್ಪಿಸಿ ಬರಬೇಕಿತ್ತು. ನಾನು ಕಾರು ತೆಗೆದೆ. ಅವಳು ಚಾರ್ಟುಗಳ ಸುರುಳಿಯನ್ನು ಹಿಂದಿನ ಸೀಟಿನಲ್ಲಿಟ್ಟು ನನ್ನ ಪಕ್ಕದಲ್ಲಿ ಬಂದು ಕೂತಳು. ಅವು ಶಾಲೆಯಲ್ಲೇ ಇರಲಿ, ಹೊಸದಾಗಿ ಬರುವವರಿಗೆ ಬೇಕಾಗುತ್ತವೆ ಎಂದಳು. ಬೋಗಾದಿ ದಾಟಿದ ಮೇಲೆ ನನಗೆ ಆ ರಸ್ತೆ ಅಷ್ಟು ಗೊತ್ತಿಲ್ಲ. ಎಲ್ಲಿ ಹಂಪ್ ಬರುತ್ತದೆ, ಎಲ್ಲಿ ದನ ಅಡ್ಡ ಬರುತ್ತವೆ ಎಂದು ಅವಳು ಮೊದಲೇ ಹೇಳುತ್ತಿದ್ದಳು.

ಕೆರೆ ಏರಿ ಬಂತು. ಶಾಲೆಯ ಕಡೆ ನಡೆಯುತ್ತಿದ್ದ ಮಕ್ಕಳು ಕಾರಿನ ಗುರುತು ಹಿಡಿದು, “ಮಿಸ್ಸು, ಮಿಸ್ಸು ಬಂದ್ರು” ಎಂದು ಕೂಗುತ್ತ ಹಿಂದೆ ಓಡಿಬಂದವು. ಗೇರು ಇಳಿಸಬೇಕಿತ್ತು. ನಾನು ಕ್ಲಚ್ಚು ಒತ್ತಿದೆ. ಪಕ್ಕಕ್ಕೆ ನೋಡಿದರೆ, ಅವಳೂ ತನ್ನ ಎಡಗಾಲನ್ನು ಕೈಯಿಂದ ಎತ್ತಿ ಮುಂದಿಟ್ಟು, ಬರೀ ಮ್ಯಾಟಿನ ಮೇಲೆ ಬಲವಾಗಿ ಒತ್ತುತ್ತಿದ್ದಳು. ನಾನು ಗೇರು ಹಾಕಿ ಕ್ಲಚ್ಚು ಬಿಟ್ಟೆ. ಅವಳೂ ಮೆಲ್ಲಗೆ ಬಿಟ್ಟಳು.